ಕಿಟಕಿಯತ್ತ ಮುಖ ಮಾಡಿ ನಿಂತವರು

ಸಾರ್ ತೀರಿಕೊಂಡರೆಂದು ತಂಗಿ ಬಂದು ಹೇಳಿದಾಗ ನಾನು ನಂಬಲಿಲ್ಲ. ಯಾರು ಹೇಳಿದರು ಎಂದು ಕೇಳಿದೆ. ಕುರುಗೋಡು ಬಸ್ಸಿನ ಕಂಡಕ್ಟರ್ ಎಂದಳು. ಅವನು ಕಣ್ಣಾರೆ ಕಂಡಿದ್ದನೇ, ಇಲ್ಲ ಅವನಿಗೂ ಯಾರೋ ಹೇಳಿದ್ದೋ ಎಂದೆ. ತಂಗಿ ಹೆಗಲ ಚೀಲ ಇಳಿಸಿ ನನ್ನ ಮುಖವನ್ನೇ ನೋಡಿದಳು.

"ಅಕ್ಕಾ, ಅವರು ಇದ್ದಿದ್ರ ಅವರೂ ಇದನ್ನ ಕೇಳ್ತಿದ್ರು."

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂಬ ಮಾತಿನ ವಿರುದ್ಧ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಬಹುಮಾನ ತಂದವಳು ನಾನು. ಆ ಬಹುಮಾನಕ್ಕೆ ಮರ್ಯಾದೆ ಕೊಟ್ಟೇ ಇದನ್ನು ಬರೆಯುತ್ತಿದ್ದೇನೆ. ಅವರ ಮೇಲೆ ನನಗೆ ಅನುಮಾನವಿತ್ತು. ಅನುಮಾನಕ್ಕೆ ಕಾರಣಗಳೂ ಇದ್ದವು.

ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಗಲ್ಲಿಯಲ್ಲಿ, ಕಡಿದಾದ ಕಲ್ಲಿನ ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಉದ್ದನೆಯ ಕೋಣೆ ಅವರದು. ಮೂಳೆ ಮುರಿದವರು, ಕೀಲು ಹಿಡಿದವರು, ಆಪರೇಷನ್ ಆಗಿ ಕಾಲು ಮಡಚಲಾಗದವರು ಅಲ್ಲಿಗೆ ಬರುತ್ತಿದ್ದರು. ಒಂದು ಮರದ ಮಂಚ, ಸೂರಿನ ತೊಲೆಗೆ ಬಾವಿಯ ರಾಟೆ, ಗೋಡೆಯ ಮೊಳೆಗಳಿಗೆ ಸಾಲಾಗಿ ನೇತುಹಾಕಿದ ಮರಳಿನ ಚೀಲಗಳು. ಊರಿನ ಟೈಲರುಗಳು ಜೀನ್ಸ್ ಪ್ಯಾಂಟು ಹೊಲಿದು ಉಳಿಸಿದ ತುಂಡುಗಳಿಂದ ಆ ಚೀಲಗಳನ್ನು ಹೊಲಿಸಿದ್ದರು. ಒಂದೇ ಒಂದು ಕಿಟಕಿ. ಅದು ಮೆಟ್ಟಿಲಿನ ನೆತ್ತಿಗೆ ತೆರೆಯುತ್ತಿತ್ತು. ಅವರ ಕುರ್ಚಿ ಯಾವಾಗಲೂ ಆ ಕಿಟಕಿಯ ಪಕ್ಕ.

ದಿನಾ ಕುರುಗೋಡಿನಿಂದ ಬಸ್ಸಿನಲ್ಲಿ ಬರುವರು. ಬಸ್ಸಿನ ಧೂಳೆಲ್ಲ ಬೇರೆಯವರ ಮೇಲೆ ಕೂತು ಇವರನ್ನು ಬಿಟ್ಟಿತೇನೋ ಎಂಬಂತೆ ಬಿಳಿ ಪ್ಯಾಂಟಿನ ಇಸ್ತ್ರಿ ಮುರಿಯದೆ ಇಳಿಯುವರು. ತಾವು ಮದ್ರಾಸಿನಲ್ಲಿ ಫಿಸಿಯೋಥೆರಪಿ ಕಲಿತವರೆಂಬುದನ್ನು ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದರು. ಬಿಸಿನೀರಿನ ಬಕೆಟ್ಟು ತಡವಾದರೂ ಮದ್ರಾಸು, ಟವೆಲ್ಲು ಒಣಗದಿದ್ದರೂ ಮದ್ರಾಸು. ಡಾಕ್ಟರೇ ಎಂದರೆ ಸಿಟ್ಟಾಗುವರು. ಸಾರ್ ಎಂದರೆ ಸಾಕು. ರೋಗಿಗಳಲ್ಲಿ ಯಾರನ್ನೂ ನಂಬುತ್ತಿರಲಿಲ್ಲ. ನೋವು ಹೋಯಿತು ಎನ್ನುವವರನ್ನೂ ಇಲ್ಲ, ನೋವು ಹೋಗಲಿಲ್ಲ ಎನ್ನುವವರನ್ನೂ ಇಲ್ಲ. ಇಬ್ಬರಿಗೂ ಒಂದೇ ಮಾತು, ತೆಲುಗಿನಲ್ಲಿ, ಮೂಗಿನೊಳಗೆ: "ಅಬದ್ಧಂ." ಸುಳ್ಳು ಎಂದು.

ಒಮ್ಮೆ ಒಬ್ಬ ಪೈಲ್ವಾನ ಬಂದಿದ್ದ. ಕಾಲು ಕಲ್ಲಿನಂತಾಗಿದೆ, ನಾಳೆಯಿಂದ ಅಖಾಡಕ್ಕೆ ಇಳಿಯುತ್ತೇನೆ ಎಂದ. ಸಾರ್ ತಲೆಯಾಡಿಸಿ ಕಳಿಸಿದರು. ಅವನು ಹೊರಗೆ ಹೋಗಿ ಚಪ್ಪಲಿ ಹಾಕಿಕೊಳ್ಳುವುದನ್ನು ಕಿಟಕಿಯಿಂದ ನೋಡಿ ಮತ್ತೆ ಒಳಗೆ ಕರೆದರು. ಆತ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಬಾರು ಎಳೆದುಕೊಂಡಿದ್ದ. "ನಿಂತು ಹಾಕ್ಕೊಳ್ಳೋ ಮಟ ಅಖಾಡ ಇಲ್ಲ," ಎಂದರು. ಮೆಟ್ಟಿಲು ಹತ್ತುವುದನ್ನು ಅವರು ನೋಡುತ್ತಲೇ ಇರಲಿಲ್ಲ. ಹತ್ತುವಾಗ ಎಲ್ಲರೂ ಹುರುಪಿನಿಂದ ಹತ್ತುತ್ತಾರೆ, ಇಳಿಯುವಾಗ ಕಾಲಿನ ಬಂಡವಾಳ ಹೊರಬೀಳುತ್ತದೆ ಎಂಬುದು ಅವರ ವಾದ. ವಾದ ಚೆನ್ನಾಗಿತ್ತು. ಮಂಡಿಸುವ ರೀತಿಯಲ್ಲಿ ವಿನಯ ಇರಲಿಲ್ಲ.

ನನ್ನ ತಂಗಿ ಓಟಗಾರ್ತಿ. ಸಿರುಗುಪ್ಪದಲ್ಲಿ ನಮ್ಮ ಮನೆಯ ಹಿಂದಿನ ಕಾಲುವೆ ದಂಡೆಯ ಮೇಲೆ, ಭತ್ತದ ಗದ್ದೆಗಳ ನಡುವೆ, ಓಡಿ ಓಡಿಯೇ ಬೆಳೆದವಳು. ಬಳ್ಳಾರಿಯಲ್ಲಿ ನಾನು ಕಾನೂನು ಓದುವಾಗ ಅವಳು ಡಿಗ್ರಿಗೆ ಬಂದಳು. ಇಬ್ಬರೂ ಸತ್ಯನಾರಾಯಣಪೇಟೆಯಲ್ಲೇ ಒಂದು ಕೋಣೆ ಮಾಡಿಕೊಂಡಿದ್ದೆವು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಒಂದು ರಜೆಯಲ್ಲಿ ಊರಿಗೆ ಹೋದವಳು ದಂಡೆಯ ಮೇಲೆ ಎದುರಿಗೆ ಬಂದ ಎತ್ತಿಗೆ ದಾರಿ ಬಿಡಲು ಹೋಗಿ ಎಡಗಾಲು ತಿರುಚಿಕೊಂಡಳು. ಮೊಣಕಾಲಿನೊಳಗೆ, ಎರಡು ಎಲುಬುಗಳ ನಡುವೆ ಇರುವ ಮೆತ್ತೆ ಹರಿದಿತ್ತು. ಸರ್ಜನ್ನರು ಕೊಯ್ದು ಹರಿದದ್ದನ್ನು ತೆಗೆದರು. ಪಟ್ಟಿ ಬಿಚ್ಚಿದಾಗ ಎಡತೊಡೆ ಬಲತೊಡೆಯ ಮುಂದೆ ಬೇರೆ ಯಾರದೋ ತೊಡೆಯಂತೆ ಕಂಡಿತು. ಇನ್ನು ಮುಂದಿನದು ನನ್ನ ಕೆಲಸವಲ್ಲ ಎಂದು ಸರ್ಜನ್ನರು ಈ ಗಲ್ಲಿಯ ದಾರಿ ತೋರಿಸಿದರು.

ಇಷ್ಟರಲ್ಲಿ ಅಪ್ಪ ಒಂದು ಸಂಬಂಧ ನೋಡಿದ್ದರು. ಅಪ್ಪ ರೈಸ್ ಮಿಲ್ಲಿನಲ್ಲಿ ಮೇಸ್ತ್ರಿ. ಮಾತು ಕಡಿಮೆ, ಆಡಿದ್ದನ್ನು ಬದಲಿಸುವವರಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಓಡಿಕೊಂಡಿರಲಿ, ಮದುವೆ ಮುಂದೆ ನೋಡೋಣ, ಆಗದಿದ್ದರೆ ಬೇಸಿಗೆಗೆ ತಲೆಯ ಮೇಲೆ ಅಕ್ಕಿಕಾಳು ಎಂದುಬಿಟ್ಟಿದ್ದರು. ಆಯ್ಕೆಯ ಓಟಕ್ಕೆ ಕೆಲವೇ ತಿಂಗಳು ಉಳಿದಿದ್ದವು. ತಂಗಿ ಅಪ್ಪನಿಗೆ ಎದುರಾಡಲಿಲ್ಲ. ಅವಳು ಯಾರಿಗೂ ಎದುರಾಡುವವಳಲ್ಲ. ಮನೆಯ ಪಾಲಿನ ಮಾತನ್ನೆಲ್ಲ ನಾನೇ ಆಡಿ ಮುಗಿಸುತ್ತೇನೆಂದು ಅಮ್ಮ ಹೇಳುತ್ತಿದ್ದಳು.

ಹುಡುಗನ ಊರು ಯಾವುದು ಗೊತ್ತೆ? ಕುರುಗೋಡು.

ಇದು ಕಾರಣ ಒಂದು. ಒಂದೇ ಊರಿನವರೆಂದ ಮಾತ್ರಕ್ಕೆ ಒಳಸಂಚು ಎನ್ನಲಾಗದು, ಒಪ್ಪುತ್ತೇನೆ. ಕಾರಣ ಎರಡಕ್ಕೆ ಬನ್ನಿ.

ಸಾರ್ ಹೆಣ್ಣುಮಕ್ಕಳ ಕಾಲು ಮುಟ್ಟುತ್ತಿರಲಿಲ್ಲ. ಮನೆಯಿಂದ ಒಬ್ಬ ಹೆಂಗಸು ಜೊತೆಗೆ ಬರಬೇಕು. ಅವಳ ಕೈಯಿಂದ ಅವರು ಕೆಲಸ ಮಾಡಿಸುವರು. ತಾವು ಕಿಟಕಿಯತ್ತ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು ನಿಲ್ಲುವರು. ಸೊಸೆಯ ಕಾಲನ್ನು ಅತ್ತೆ, ತಾಯಿಯ ಭುಜವನ್ನು ಮಗಳು, ಹೀಗೆ ಪೇಟೆಯ ಎಷ್ಟೋ ಹೆಂಗಸರ ಕೈಗಳು ಅವರ ಕೈಗಳಾಗಿದ್ದವು. ಮೊದಲ ದಿನವೇ ನಾನು ಜಗಳ ತೆಗೆದೆ. ಕಾಯಿಲೆಗೆ ಗಂಡು ಹೆಣ್ಣು ಎಂದಿದೆಯೇ, ಇದು ಮಡಿವಂತಿಕೆಯಲ್ಲವೇ ಎಂದೆ.

"ನನಗೇನಿಲ್ಲ, ಊರಿಗೈತಿ," ಎಂದರು ಕಿಟಕಿಗೆ. "ನಾಳೆ ಊರು ಹೆಣ್ಮಕ್ಕಳನ್ನ ಈ ಮೆಟ್ಟಲ ಹತ್ತಿಸೋದು ಬಿಟ್ಟರ ಆ ಕಾಲು ಯಾರು ನೋಡ್ತಾರ, ನಿನ್ನ ಭಾಷಣ ನೋಡ್ತತೇನು?"

ಉತ್ತರಕ್ಕೆ ಅಂಕ ಕೊಡಬಹುದಿತ್ತು. ನಾನು ಕೊಡಲಿಲ್ಲ.

ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಡಬೇಕು. ತಂಗಿ ಅದನ್ನು ಮಂಚಕ್ಕೆ ಅದುಮಬೇಕು. ಆಗ ತೊಡೆಯ ಒಳಮಗ್ಗುಲಲ್ಲಿ, ಚಿಪ್ಪಿನ ಮೇಲೆ, ಒಂದು ಮಾಂಸದ ಉಂಡೆ ಎದ್ದು ನಿಲ್ಲಬೇಕು. ಅದರ ಮೇಲೆ ನನ್ನ ಕೈ.

"ಹೆಂಗೈತಿ?"

"ಪರವಾಗಿಲ್ಲ ಸಾರ್."

"ಪರವಾಗಿಲ್ಲ ಅಂಬೋದು ಯಾವ ಪದಾರ್ಥ? ಅಡಿಗಿಮನಿಯಾಗಿಂದು ಹೇಳು."

ಹಸಿ ಹಿಟ್ಟಿನಂತಿದೆ ಎಂದೆ. ಯಾವ ಹಿಟ್ಟು ಎಂದರು. ರೊಟ್ಟಿ ಹಿಟ್ಟು, ನೀರು ಹೆಚ್ಚಾದದ್ದು ಎಂದೆ. ಹಾಂ, ಎಂದರು. ಅಲ್ಲಿಂದ ಮುಂದೆ ನಮ್ಮ ನಡುವೆ ಅದೇ ಭಾಷೆ. ಉತ್ತಮ, ಅತ್ಯುತ್ತಮ, ಗಣನೀಯ ಎಂಬ ನನ್ನ ವೇದಿಕೆಯ ಮಾತುಗಳಿಗೆಲ್ಲ ಆ ಕೋಣೆಯಲ್ಲಿ ಬಾಗಿಲು ಮುಚ್ಚಿತು. ಮೊಣಕಾಲು ಬಿಸಿಯಾಗಿದೆಯೇ ನೋಡಲು ಕೈಯನ್ನು ಹೊರಳಿಸಿ ಹಿಂಬದಿಯಿಂದ ಮುಟ್ಟಬೇಕು. ಅಂಗೈ ಕೆಲಸ ಮಾಡಿ ಮಾಡಿ ದಡ್ಡಾಗಿರುತ್ತದಂತೆ. ಒಂದನ್ನು ಮುಟ್ಟಿದರೆ ಸಾಲದು, ಕೂಡಲೇ ಇನ್ನೊಂದನ್ನೂ ಮುಟ್ಟಬೇಕು. "ಜೋಡಿ ನೋಡದ ಬಿಸಿ ಅನಬ್ಯಾಡ," ಎನ್ನುವರು.

ಬೆನ್ನು ತಿರುಗಿಸಿ ನಿಂತವರು ನನ್ನ ಬಾಯಿಮಾತಿನ ಮೇಲೆ ಚಿಕಿತ್ಸೆ ನಡೆಸುವುದು ಕೇಳಿದ ಮಾತಿನ ಸಾಕ್ಷ್ಯವಾಯಿತಲ್ಲ, ಯಾವ ಕೋರ್ಟು ಒಪ್ಪುತ್ತದೆ ಎಂದು ಒಂದು ದಿನ ಕೇಳಿದೆ.

"ಅದಕ್ಕ ದಿನಾ ಪಾಟೀಸವಾಲು ಮಾಡ್ತೀನಿ ವಕೀಲಮ್ಮ. ತಂಗಿ ಓಡಲಿ ಅಂತ ನಿನಗ ಆಸಿ ಐತಿ. ಆಸಿ ಇದ್ದ ಕೈ ಸುಳ್ಳು ಹೇಳ್ತತಿ."

ಅಂದರೆ ಅವರೂ ನನ್ನನ್ನು ಶಂಕಿಸುತ್ತಿದ್ದರು. ಸರಿ, ಲೆಕ್ಕ ಸಮವಾಯಿತು ಎಂದುಕೊಂಡೆ.

ಕಾರಣ ಮೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತು. ಕುರುಗೋಡು ಬಸ್ಸು ನಿಲ್ಲುವಲ್ಲಿ, ಮಿರ್ಚಿ ಬಜ್ಜಿಯ ಬಂಡಿಯ ಹತ್ತಿರ, ಸಾರ್ ನಿಂತಿದ್ದರು. ಅವರ ಜೊತೆಗೆ ಹುಡುಗನ ತಂದೆ. ಹೆಣ್ಣು ನೋಡಲು ಸಿರುಗುಪ್ಪಕ್ಕೆ ಬಂದಾಗ ನಾನೇ ಆತನಿಗೆ ಚಹಾ ಕೊಟ್ಟಿದ್ದೆ, ಮುಖ ಮರೆಯುವ ಹಾಗಿರಲಿಲ್ಲ. ಇಬ್ಬರೂ ಒಂದೇ ಕಾಗದದಿಂದ ಬಜ್ಜಿ ತಿನ್ನುತ್ತಿದ್ದರು. ಆತ ಏನೋ ಕೇಳಿದ. ಸಾರ್ ಬಜ್ಜಿ ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದರು. ಹೌದು ಎಂಬಂತೆಯೂ ಇತ್ತು, ಖಾರ ಎಂಬಂತೆಯೂ ಇತ್ತು.

ಆ ವಾರವೇ ಅಪ್ಪ ಬಳ್ಳಾರಿಗೆ ಬಂದವರು ನಮಗೆ ಹೇಳದೆ ಸಾರ್ ಕೋಣೆಗೆ ಹೋಗಿ ಬಂದಿದ್ದರೆಂದು ಆ ಮೆಟ್ಟಿಲ ಕೆಳಗಿನ ಇಸ್ತ್ರಿ ಅಂಗಡಿಯವನಿಂದ ತಿಳಿಯಿತು. ಇಷ್ಟಾದ ಮೇಲೆ ನನ್ನನ್ನು ಅನುಮಾನದವಳೆಂದು ಯಾರು ಹಳಿಯುತ್ತೀರಿ? ಗಂಡಿನ ಕಡೆಯವರಿಗೆ ಓಟ ಬೇಡ, ಅಪ್ಪನಿಗೂ ಬೇಡ, ಕಾಲಿನ ಬೀಗದ ಕೈ ಈ ಮನುಷ್ಯನ ಜೇಬಿನಲ್ಲಿ. ಓಡಬಹುದು ಎಂಬ ಒಂದು ಮಾತನ್ನು ಆಯ್ಕೆಯ ದಿನ ದಾಟುವವರೆಗೆ ತಡೆದರೆ ಮುಗಿಯಿತು. ಮಾಡಿದ್ದೂ ಅದನ್ನೇ. ದಿನಾ ಮರಳಿನ ಚೀಲ, ದಿನಾ ಟವೆಲ್ಲು. ಓಟದ ಮಾತೆತ್ತಿದರೆ, "ಮೆಟ್ಟಲ ಇಳದು ತೋರಸ್ಲಿ."

ತೊಡೆ ಮಾತ್ರ ಒಂದು ಹದಕ್ಕೆ ಬಂದು ನಿಂತುಬಿಟ್ಟಿತ್ತು. ನಾದಿದ ಹಿಟ್ಟಿನಿಂದ ಮುಂದಕ್ಕೆ ಹೋಗಲೊಲ್ಲದು. ಒಂದು ದಿನ ಸಾರ್ ನೇರವಾಗಿ ತಂಗಿಗೇ ಹೇಳಿದರು, ಮನೆಯಲ್ಲಿ ನೀನು ಏನೂ ಮಾಡುತ್ತಿಲ್ಲ, ಸೋಮಾರಿ ಎಂದು. ನಾನು ಉರಿದುಬಿದ್ದೆ. ಬೆಳಿಗ್ಗೆ ಸಂಜೆ ಅವಳು ಕಾಲಿಗೆ ಚೀಲ ಕಟ್ಟಿ ಎತ್ತುವುದನ್ನು ನಾನೇ ಕೂತು ನೋಡಿದ್ದೆ. ಸುಳ್ಳು ಆರೋಪ ಹೊರಿಸಿ ದಿನ ದೂಡುತ್ತಿದ್ದೀರಿ ಎಂದೆ. ನಿನ್ನ ಕಣ್ಣಿಗೂ ಆಸೆ ಇದೆ ಎಂದರು ಅವರು. ಸೋಮಾರಿ ಎಂದದ್ದು ತಪ್ಪು. ತಂಗಿಯ ವಿಷಯದಲ್ಲಿ ಅವರು ಅಂದಾಜು ತಪ್ಪಿದ್ದು ಅದೊಂದೇ ಸಲವಲ್ಲ. ಆ ತಪ್ಪನ್ನು ಅವರು ಎಂದೂ ಬಾಯಿಬಿಟ್ಟು ಒಪ್ಪಲಿಲ್ಲ. ನಾವಿಬ್ಬರೂ ಜಗಳವಾಡುವಾಗ ತಂಗಿ ಮಂಚದ ಮೇಲೆ ಕೂತು ಪಾವಡೆಯ ಅಂಚು ಸರಿಮಾಡಿಕೊಳ್ಳುತ್ತಿದ್ದಳು.

ಆಯ್ಕೆಗೆ ಕೆಲವು ದಿನ ಇರುವಾಗ ನಾನು ಸಿದ್ಧಳಾಗಿ ಹೋದೆ. ಇವತ್ತು ತೀರ್ಪು ಬೇಕು ಎಂದೆ. ಸಾರ್ ವಾದಕ್ಕಿಳಿಯಲಿಲ್ಲ. ತಂಗಿ ಮೆಟ್ಟಿಲು ಇಳಿದು ತೋರಿಸಿದಳು. ಹಲ್ಲು ಕಚ್ಚಿಕೊಂಡಾದರೂ ನೆಟ್ಟಗೆ ಇಳಿದಳು. ಅವರು ಕಿಟಕಿಯಿಂದ ನೋಡಿ ಹೂಂ ಎಂದರು. ನನ್ನ ಎದೆ ಹಗುರಾಯಿತು.

"ಮಂಚದ ಮ್ಯಾಲೆ ಕುಂದ್ರಿಸು. ಕೈ ಹೊರಳಿಸಿ ಇಡು. ಎರಡೂ ಒಂದ ಥರ ಇದ್ರ ನನ್ನ ತಕರಾರಿಲ್ಲ, ಓಡ್ಲಿ."

ಬಲಗಾಲಿಗೆ ಇಟ್ಟೆ. ಎಡಗಾಲಿಗೆ ಇಟ್ಟೆ. ಮತ್ತೆ ಬಲಗಾಲಿಗೆ ಇಟ್ಟೆ. ಎಡಗಾಲು ಆಗತಾನೇ ಒಲೆಯಿಂದ ಇಳಿಸಿದ ಹಂಚಿನ ಮಗ್ಗುಲಿನಂತಿತ್ತು. ಚಿಪ್ಪನ್ನು ಒತ್ತಿದೆ. ನೀರಿನ ಮೇಲಿನ ಬಿಲ್ಲೆಯಂತೆ ತೇಲಿ ತಟ್ಟಿತು. ಒಳಗೆ ನೀರು ತುಂಬಿದರೆ ಎಷ್ಟು ಚೀಲ ಎತ್ತಿದರೂ ತೊಡೆ ಗಟ್ಟಿಯಾಗುವುದಿಲ್ಲವೆಂದು ಅವರೇ ಹೇಳಿದ್ದರು. ಆಗ ಹೊಳೆಯಿತು. ನಸುಕಿನಲ್ಲಿ ಹಾಲು ತರುತ್ತೇನೆಂದು ಹೋಗಿ ತಡವಾಗಿ ಬರುತ್ತಿದ್ದ ತಂಗಿ. ಮಂಚದ ಕೆಳಗೆ ಸುಮ್ಮನಿರಬೇಕಾದ ಬೂಟುಗಳಿಗೆ ಮೈದಾನದ ಕೆಂಪು ಮಣ್ಣು. ಅವಳು ಕದ್ದು ಓಡುತ್ತಿದ್ದಳು. ಸಾರ್ ಮತ್ತು ನಾನು ಒಬ್ಬರನ್ನೊಬ್ಬರು ಶಂಕಿಸುವುದರಲ್ಲಿ ಎಷ್ಟು ನಿರತರಾಗಿದ್ದೆವೆಂದರೆ, ಮಂಚದ ಮೇಲಿನ ಆ ಮೌನವನ್ನು ಇಬ್ಬರೂ ನಂಬಿಬಿಟ್ಟಿದ್ದೆವು.

ತಂಗಿ ನನ್ನನ್ನು ನೋಡಿದಳು. ಒಂದೇ ಥರ ಇವೆ ಎಂಬ ಮೂರು ಮಾತು ನನ್ನ ನಾಲಿಗೆಯ ಮೇಲಿತ್ತು. ಬಿಸಿ ಇದೆ ಎಂದರೆ ಅಪ್ಪ, ಬಜ್ಜಿ, ಕುರುಗೋಡು, ಎಲ್ಲರೂ ಗೆದ್ದಂತೆ. ನಾನು ಬೇರೆ ಪ್ರಶ್ನೆ ಹಾಕಿದೆ.

"ಅಪ್ಪ ನಿಮ್ಮ ಹತ್ರ ಬಂದಿದ್ರಾ?"

"ಬಂದಿದ್ರು."

"ಓಡಬ್ಯಾಡ ಅಂತ ಹೇಳ್ರಿ ಅಂದ್ರಾ?"

"ಅಂದ್ರು."

"ನೀವೇನಂದ್ರಿ?"

"ದೊಡ್ಡ ಮಗಳ ಕೈ ಏನು ಹೇಳ್ತತೋ ಅದ ನನ್ನ ಮಾತು ಅಂದ್ನಿ." ಬೆನ್ನು ಕದಲಲಿಲ್ಲ. "ಹೇಳೀಗ."

ಇದು ನಂಬಿಕೆಯೋ, ಜವಾಬ್ದಾರಿಯನ್ನು ನನ್ನ ಮೇಲೆ ಜಾರಿಸುವ ಜಾಣತನವೋ ಎಂದು ಇವತ್ತಿಗೂ ತೀರ್ಮಾನಿಸಲಾಗಿಲ್ಲ. ಕೈ ಮಾತ್ರ ಇನ್ನೂ ಎಡಗಾಲಿನ ಮೇಲಿತ್ತು.

"ಎಡಗಾಲು ಬಿಸಿ ಐತಿ ಸಾರ್," ಎಂದೆ.

ಚಿಪ್ಪು ತೇಲುತ್ತಿದೆ, ಒಳಗೆ ನೀರಿದೆ ಎಂದೂ ಹೇಳಿದೆ. ಅವರು ಓಟ ಬೇಡ ಎಂದರು. ಮೊಣಕಾಲು ತಣ್ಣಗಾಗುವವರೆಗೆ ನಡಿಗೆಯೂ ಕಡಿಮೆ, ಆಮೇಲೆ ಮೊದಲಿನಿಂದ ಟವೆಲ್ಲು, ಚೀಲ, ಮೆಟ್ಟಿಲು. ಆಯ್ಕೆಯ ದಿನ ಬಂತು, ಹೋಯಿತು. ತಂಗಿ ನನ್ನ ಜೊತೆ ಮಾತು ಬಿಟ್ಟಳು. ಮೊದಲೇ ಮಾತಾಡದವಳು ಮಾತು ಬಿಟ್ಟರೆ ಕೋಣೆ ಎಷ್ಟು ದೊಡ್ಡದಾಗುತ್ತದೆಂದು ಆಗ ತಿಳಿಯಿತು. ಅಪ್ಪ ಬೇಸಿಗೆಯ ಸಿದ್ಧತೆ ಶುರುಮಾಡಿದರು.

ಆಮೇಲೆ ನಡೆದದ್ದನ್ನು ಯಾರೂ ಎಣಿಸಿರಲಿಲ್ಲ. ಗಂಡಿನವರೇ ಹಿಂದೆ ಸರಿದರು. ಹುಡುಗಿಯ ಕಾಲು ಇನ್ನೂ ಬಿಸಿ ಇದೆಯಂತೆ, ಒಳಗೆ ನೀರು ನಿಂತಿದೆಯಂತೆ, ನಾಳೆ ಸೊಸೆಯಾಗಿ ಬಂದು ಕೂತಲ್ಲಿಂದ ಏಳದಿದ್ದರೆ ಯಾರು ನೋಡುವುದು ಎಂದು ಹೇಳಿ ಕಳಿಸಿದರು. ಅಪ್ಪ ಎರಡು ದಿನ ಮಿಲ್ಲಿಗೆ ಹೋಗಲಿಲ್ಲ.

ನನ್ನ ಕಿವಿಗೆ ಬಿದ್ದದ್ದು ಒಂದೇ ಶಬ್ದ: ಬಿಸಿ. ಊರ ಗಾಳಿಮಾತಾಗಿದ್ದರೆ ಕುಂಟು ಎನ್ನುತ್ತಿದ್ದರು, ನೋವು ಎನ್ನುತ್ತಿದ್ದರು. ಬಿಸಿ ಮತ್ತು ನೀರು ಆ ದಿನ ಆ ಕೋಣೆಯಲ್ಲಿದ್ದ ಮೂವರಿಗೆ ಮಾತ್ರ ಗೊತ್ತಿದ್ದ ಸಂಗತಿ. ನಾನು ಹೇಳಿಲ್ಲ. ತಂಗಿಗೆ ಬಾಯೇ ಇಲ್ಲ. ಉಳಿದವರು ಬಜ್ಜಿ ಹಂಚಿಕೊಂಡವರು. ನೇರ ಹೋಗಿ ಕೇಳಿದೆ. ಮೊದಲು ಗಂಡಿನವರ ಪರ, ಆಮೇಲೆ ಅವರ ವಿರುದ್ಧ, ನಿಮ್ಮ ಕಕ್ಷಿದಾರರು ಯಾರು ಸಾರ್ ಎಂದೆ. ರೋಗಿಯ ಗುಟ್ಟನ್ನು ಊರಿಗೆ ಹಂಚುವುದನ್ನು ಮದ್ರಾಸಿನಲ್ಲಿ ಕಲಿಸುತ್ತಾರಾ ಎಂದೂ ಕೇಳಿದೆ. ಅದು ನಾಟಿತೆಂದು ಕಂಡಿತು, ಕೈಯಲ್ಲಿದ್ದ ಚೀಲವನ್ನು ಮೊಳೆಗೆ ಸಿಕ್ಕಿಸಲು ಹೋಗಿ ತಪ್ಪಿದರು.

ಅಲ್ಲ ಎನ್ನಲಿಲ್ಲ. ಹೌದು ಎನ್ನಲಿಲ್ಲ.

"ಅನುಮಾನ ಪಡಾಕಿ ಪಡು ವಕೀಲಮ್ಮ. ಅದರಿಂದ ಕಾಲಿಗೇನು ನಷ್ಟ ಇಲ್ಲ. ಟವೆಲ್ ಹಿಡಿ."

ಮುಂದಿನ ವರ್ಷ ತಂಗಿ ಓಡಿದಳು. ಮೊದಲನೆಯವಳಾಗಿ ಬಂದಳು ಎಂದು ಬರೆದರೆ ನಾನೇ ನಂಬುವುದಿಲ್ಲ. ನಾಲ್ಕನೆಯವಳಾಗಿ ಬಂದಳು, ತಂಡಕ್ಕೆ ಅಷ್ಟು ಸಾಕಾಯಿತು. ಈಗ ತೆಕ್ಕಲಕೋಟೆಯ ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಹುಡುಗಿಯರನ್ನು ಓಡಿಸುತ್ತಾಳೆ, ತಾನೂ ಓಡುತ್ತಾಳೆ. ನಾನು ಬಳ್ಳಾರಿಯಲ್ಲಿ ಜೂನಿಯರ್ ವಕೀಲಳು. ಸಾರ್ ಕಡೆಗೆ ನಾವು ಆಗಾಗ ಹೋಗುತ್ತಿದ್ದೆವು. ನಾನು ಹೋಗುತ್ತಿದ್ದುದು, ಸತ್ಯ ಹೇಳಬೇಕೆಂದರೆ, ಒಂದಲ್ಲ ಒಂದು ದಿನ ಅವರ ಬಾಯಿಂದ ಹೊರಬೀಳುತ್ತದೆ ಎಂದು. ಬೀಳಲಿಲ್ಲ.

ಕಂಡಕ್ಟರನ ಸುದ್ದಿ ನಿಜವಾಗಿತ್ತು. ಮರುದಿನವೇ ಇಬ್ಬರೂ ಕುರುಗೋಡಿಗೆ ಹೋದೆವು. ಮೊದಲ ಸಲ ಹೋಗುವವಳು ನಾನು, ದಾರಿ ಕೇಳೋಣ ಎಂದೆ. ತಂಗಿ ಯಾರನ್ನೂ ಕೇಳದೆ ಎರಡು ತಿರುವು ತಿರುಗಿ ಬಾಗಿಲ ಮುಂದೆ ನಿಲ್ಲಿಸಿದಳು. ಇದನ್ನು ನಾನು ಗಮನಿಸಿದೆ.

ಅವರ ಹೆಂಡತಿ ಪಡಸಾಲೆಯಲ್ಲಿ ಕೂತಿದ್ದರು. ನನ್ನನ್ನು ಗುರುತಿಸಲಿಲ್ಲ. ತಂಗಿಯ ಕೈ ಹಿಡಿದುಕೊಂಡರು.

"ಬಾರವ್ವ. ಆವತ್ತು ಎದುರು ಮನಿಗೆ ಬಂದಾಕಿ ನಮ್ಮನಿಗೆ ಬರದ ಹೋದಿ. ಇವರು ಇಲ್ಲೇ ಕಟ್ಟಿ ಮ್ಯಾಲೆ ಕುಂತು ನೋಡ್ಯಾರ. ಆಕಿ ಮೆಟ್ಟಲ ಇಳಿಯೋದು ನೋಡು, ಕಾಲು ಸುಧಾರಿಸ್ತು ಅಂದು ನಕ್ಕಿದ್ರು. ಯಾರು ಅಂದ್ರ ಹೆಸರು ಹೇಳ್ಲಿಲ್ಲ. ನಾನು ಮುಖ ನೆಪ್ಪಿಟ್ಟಿದ್ನಿ."

ಎದುರು ಮನೆಯನ್ನು ನೋಡಿದೆ. ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದಾತ ತಲೆ ಎತ್ತಿದ. ನಾನು ಚಹಾ ಕೊಟ್ಟಿದ್ದ ಮುಖ.

ವಾಪಸು ಬರುವಾಗ ಬಸ್ಸಿನಲ್ಲಿ ತಂಗಿ ಕಿಟಕಿಯ ಪಕ್ಕ ಕೂತಳು. ಕುರುಗೋಡಿನ ಗುಡ್ಡ ಹಿಂದೆ ಸರಿಯುವವರೆಗೆ ನಾನು ಕಾದೆ. ಆಮೇಲೆ ಕೇಳಿದೆ, ಕಾಲು ಬಿಸಿ ಐತಿ ಅಂತ ಗಂಡಿನ ಮನಿಗೆ ಹೋಗಿ ಹೇಳಿದಾಕಿ ನೀನ ಹೌದಲ್ಲ ಎಂದು. ಎಲ್ಲ ಗೊತ್ತಿದ್ದೂ ಸಾರ್ ಇಷ್ಟು ವರ್ಷ ನನ್ನ ಬೈಗುಳ ತಿಂದದ್ದು ನಿನ್ನ ಸಲುವಾಗಿಯೇ ಎಂದೂ ಕೇಳಿದೆ.

"ನಿನಗ ಎಲ್ಲಾದರ ಮ್ಯಾಲೂ ಅನುಮಾನ," ಎಂದು ಅವಳು ಕಿಟಕಿಯತ್ತ ಮುಖ ತಿರುಗಿಸಿದಳು.

ಕೈ ಹೊರಳಿಸಿ ಅವಳ ಈಚೆಯ ಕೆನ್ನೆಗೆ ಇಟ್ಟೆ. ಬಿಸಿ ಇತ್ತು. ಆದರೆ ಬಸ್ಸಿನೊಳಗೆ ಸೆಕೆಯೂ ಇತ್ತು. ಜೋಡಿ ನೋಡದೆ ಬಿಸಿ ಎನ್ನಬಾರದು, ಸಾರ್ ಕಲಿಸಿದ್ದು. ಆಚೆಯ ಕೆನ್ನೆ ಮುಟ್ಟಲು ಕೈ ಚಾಚಿದರೆ ಅವಳು ಸರಳಿಗೆ ಮುಖ ಒತ್ತಿಕೊಂಡು ನಗತೊಡಗಿದಳು, ಬಳ್ಳಾರಿ ಬರುವವರೆಗೂ ಮುಟ್ಟಲು ಬಿಡಲಿಲ್ಲ.